ಎರಡು ಪೈಸೆ ಬಾಕಿ

ಮಕ್ಕಳೇ, ಮಕ್ಕಳಿಗೆ ಈ ಪುಟ ಓದಿ ಹೇಳುವ ನನ್ನ ವಾರಿಗೆಯ ಅಜ್ಜ ಅಜ್ಜಿಯರೇ,

ಇವತ್ತು ಹೇಳುವುದು ಹೋದ ದಸರಾ ರಜೆಯ ಸಂಗತಿ. ಇಷ್ಟು ದಿನ ಬರೆಯದೆ ಇಟ್ಟುಕೊಂಡಿದ್ದೆ. ಇದರಲ್ಲಿ ನಾಲ್ವರು ಹುಡುಗರಿದ್ದಾರೆ, ಒಬ್ಬನಿಗೆ ಬೇಡವೆನಿಸಿದರೂ ಬರೆಯುವ ಹಾಗಿರಲಿಲ್ಲ. ಹೋದ ವಾರ ನಾಲ್ಕನೆಯವನ ಒಪ್ಪಿಗೆಯೂ ಬಂತು. "ಬರೀರಿ ಅಜ್ಜಾರ, ಆದ್ರ ಹೆಸರು ಬ್ಯಾಡ" ಎಂದ. ಹಾಗಾಗಿ ಅವರನ್ನೆಲ್ಲ ಊರಿನ ಹೆಸರು ಹಿಡಿದೇ ಕರೆಯುತ್ತೇನೆ.

ನನ್ನ ಎಡಗಣ್ಣಿನ ಪೊರೆ ತೆಗೆಸಬೇಕಿತ್ತು. ಮೊಮ್ಮಗ ಬೆಂಗಳೂರಿನ ವಿಜಯನಗರದಲ್ಲಿ ಮೂವರು ಗೆಳೆಯರ ಜೊತೆ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದಾನೆ. ಮಂಗಳೂರಿನವನೊಬ್ಬ, ಹಾಸನದವನೊಬ್ಬ, ಹುಬ್ಬಳ್ಳಿಯವನೊಬ್ಬ. "ಇಲ್ಲಿಗೇ ಬಾ ಅಜ್ಜ, ನಾವು ನೋಡ್ಕೋತೀವಿ" ಎಂದ. ಅಜ್ಜಿಗೆ ಮಂಡಿನೋವು, ಸಾಗರ ಬಿಟ್ಟು ಬರಲಾರಳು. ಹೊತ್ತು ಹೊತ್ತಿಗೆ ನನ್ನ ಕಣ್ಣಿಗೆ ಔಷಧಿ ಬಿಡುವ ಜವಾಬ್ದಾರಿ ಹೊತ್ತು ಏಳನೇ ತರಗತಿಯ ಮೊಮ್ಮಗಳು ಪುಟ್ಟಿ ಹೊರಟಳು. ಪುಟ್ಟಿಯನ್ನು ನೀವು ಮರೆತಿಲ್ಲ ತಾನೆ? ಹಲಸಿನ ಮರದ ಜೇನು ಎಬ್ಬಿಸಿದವಳು.

ಹುಡುಗರ ಮನೆ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಒಗೆದ ಬಟ್ಟೆ ಯಾವುದು, ಒಗೆಯದ್ದು ಯಾವುದು ಎಂದು ಮೂಸಿಯೇ ತಿಳಿಯಬೇಕು. ಆದರೆ ಒಂದು ವಿಷಯದಲ್ಲಿ ಅವರ ಶಿಸ್ತು ಕಂಡು ನನಗೆ ಸಂತೋಷವಾಯಿತು. ಫ್ರಿಜ್ಜಿನ ಬಾಗಿಲ ಮೇಲೆ ಅಯಸ್ಕಾಂತದ ಗುಂಡಿ ಇಟ್ಟು ಒಂದು ದೊಡ್ಡ ಹಾಳೆ ನಿಲ್ಲಿಸಿದ್ದರು. ಅಡ್ಡಕ್ಕೆ ನಾಲ್ಕು ಹೆಸರು, ಉದ್ದಕ್ಕೆ ತಿಂಗಳುಗಳು. ಬಾಡಿಗೆ, ಕರೆಂಟು, ಗ್ಯಾಸು, ಕುಡಿಯುವ ನೀರಿನ ಕ್ಯಾನು, ಅಡುಗೆಯ ಅಮ್ಮನ ಸಂಬಳ, ನೆಟ್ಟು. ಕೊಟ್ಟವರ ಹೆಸರಿನ ಕೆಳಗೆ ಸರಿ ಗುರುತು.

ಔಷಧಿ ಬಿಟ್ಟ ಮೇಲೆ ಐದು ನಿಮಿಷ ಕಣ್ಣು ಮುಚ್ಚಿ ಕೂರಬೇಕು. ಆ ಹೊತ್ತಿನಲ್ಲಿ ಪುಟ್ಟಿ ಹಾಳೆ ಓದಿ ಹೇಳುತ್ತಿದ್ದಳು. "ಅಜ್ಜ, ಹುಬ್ಬಳ್ಳಿ ಅಣ್ಣನ ಸಾಲಿನಲ್ಲಿ ಎಲ್ಲ ಸರಿ ಇದೆ, ನೆಟ್ಟಿಗೆ ಮಾತ್ರ ಐದು ತಿಂಗಳು ಖಾಲಿ."

ನಾನು ಅಷ್ಟಕ್ಕೆ ಬಿಟ್ಟೆ. ಪರರ ಮನೆಯ ಲೆಕ್ಕ ನಮಗೇಕೆ?

ಅವತ್ತು ರಾತ್ರಿ ಹುಬ್ಬಳ್ಳಿಯವನು ಇನ್ನೂ ಬಂದಿರಲಿಲ್ಲ. ಉಳಿದ ಮೂವರು ಬಾಲ್ಕನಿಯಲ್ಲಿ ನಿಂತು ಪಿಸುಗುಟ್ಟುತ್ತಿದ್ದರು. ನಾನು ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವನು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿದ್ದರೂ ಕಿವಿಗೆ ಏನೂ ಹಾಕಿರಲಿಲ್ಲ.

"ತಿಂಗಳಿಗೆ 800, ಅದರ ಮೇಲೆ ಜಿಎಸ್‌ಟಿ 144. ಒಟ್ಟು 944. ತಲೆಗೆ 236. ಅಷ್ಟು ಕೊಡಲಿಕ್ಕೆ ಎಂತ ಕಷ್ಟ ಮಾರಾಯ?" ಇದು ಮಂಗಳೂರಿನವನು.

"ಕೊಡೋದಿಲ್ಲ, ಆದರೆ ರಾತ್ರಿ ಎರಡು ಗಂಟೆವರೆಗೂ ಅದೇನೋ ನೋಡ್ತಾ ಇರ್ತಾನೆ. ನಾನೂ ಮನೆಗೆ ದುಡ್ಡು ಕಳಿಸ್ತೀನಿ ಕಣ್ರೋ. ನನಗೂ 236 ಅಂದ್ರೆ 236ಏ." ಇದು ಹಾಸನದವನು. ಈ ಮಾತನ್ನು ನೀವು ಮರೆಯಬೇಡಿ. ಮುಂದೆ ಹುಬ್ಬಳ್ಳಿಯವನ ಮೇಲೆ ನಿಮಗೆ ಕನಿಕರ ಬರುತ್ತದೆ, ಆಗ ಹಾಸನದವನು ಕೆಟ್ಟವನೆಂದು ತಿಳಿಯಬಾರದು. ಅವನ ಮಾತು ನ್ಯಾಯದ್ದೇ.

"ಪಾಸ್‌ವರ್ಡ್ ಬದಲಾಯಿಸಿಬಿಡೋಣ" ಎಂದ ನನ್ನ ಮೊಮ್ಮಗ. ಸಂಪರ್ಕ ಅವನ ಹೆಸರಿನಲ್ಲಿದೆ.

ಯಾರೂ "ಅವನನ್ನೇ ಕೇಳೋಣ" ಅನ್ನಲಿಲ್ಲ. ಒಳಗೆ ಕೂತಿದ್ದ ನಾನೂ ಅನ್ನಲಿಲ್ಲ. ನನಗೆ ಆ ಹೊತ್ತಿನಲ್ಲಿ ತಂತ್ರಜ್ಞಾನದ ಮೇಲೆಯೇ ಆಸೆ. ರೌಟರ್ ಒಳಗೆ ಏನಿದೆ ನೋಡುವ ಅವಕಾಶ ಸಿಕ್ಕಿತಲ್ಲ!

ರೌಟರ್ ಎಂದರೆ ಗೋಡೆಯ ಮೇಲೆ ಮಿಣುಕು ದೀಪ ಹಚ್ಚಿಕೊಂಡು ಕೂತಿರುವ ಆ ಪೆಟ್ಟಿಗೆ. ಬೀದಿಯಿಂದ ಕೂದಲೆಳೆಯಂಥ ಗಾಜಿನ ತಂತಿಯೊಂದು ಮನೆಗೆ ಬರುತ್ತದೆ, ಅದರಲ್ಲಿ ಬರುವುದನ್ನು ರೌಟರ್ ಮನೆಯ ಎಲ್ಲ ಫೋನು, ಲ್ಯಾಪ್‌ಟಾಪು, ಟಿವಿಗಳಿಗೆ ಹಂಚುತ್ತದೆ. ಅದರ ಒಳಮನೆಗೆ ಹೋಗಲು ಬ್ರೌಸರಿನಲ್ಲಿ 192.168.1.1 ಎಂಬಂಥ ಒಂದು ಸಂಖ್ಯೆ ಬರೆಯಬೇಕು. ಕೆಲವು ಪೆಟ್ಟಿಗೆಗಳಲ್ಲಿ 192.168.0.1. ಅದಕ್ಕೆ ಬೇರೆಯೇ ಒಂದು ಗುಟ್ಟಿನ ಪದ. ಪೆಟ್ಟಿಗೆ ತಂದ ದಿನ ಇದ್ದ ಪದವನ್ನೇ ಬಹಳ ಮನೆಗಳಲ್ಲಿ ಹಾಗೇ ಬಿಟ್ಟಿರುತ್ತಾರೆ. ನಿಮ್ಮ ಮನೆಯಲ್ಲೂ ಹಾಗಿದ್ದರೆ ಇವತ್ತೇ ಬದಲಾಯಿಸಿ. 2008ರಲ್ಲಿ ಅಹಮದಾಬಾದಿನಲ್ಲಿ ಬಾಂಬ್ ಸ್ಫೋಟವಾದಾಗ ದುಷ್ಟರು ಕಳಿಸಿದ ಇಮೇಲ್ ನವಿ ಮುಂಬೈಯ ಯಾರದೋ ಮನೆಯ ಬೀಗವಿಲ್ಲದ ವೈಫೈ ಮೂಲಕ ಹೋಗಿತ್ತು. ಪೊಲೀಸರು ಮೊದಲು ಬಂದದ್ದು ಆ ಮನೆಯವರ ಬಾಗಿಲಿಗೆ. ಆದ್ದರಿಂದ ವೈಫೈಗೆ ಬೀಗ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬೀಗ ಯಾರಿಗೆ ಎಂಬುದರಲ್ಲಿ ನಾವು ಎಡವಿದ್ದು.

ರಾತ್ರಿ ಹತ್ತಕ್ಕೆ ಪಾಸ್‌ವರ್ಡ್ ಬದಲಾಯಿತು. ಎಲ್ಲರ ಫೋನೂ ಒಮ್ಮೆಲೇ ನೆಟ್ಟು ಕಳೆದುಕೊಂಡಿತು. ಮೂವರೂ ಹೊಸ ಪದ ಹಾಕಿಕೊಂಡರು, ನನಗೂ ಪುಟ್ಟಿಗೂ ಹಾಕಿಕೊಟ್ಟರು.

ಬೆಳಿಗ್ಗೆ ನೋಡಿದರೆ ಹುಬ್ಬಳ್ಳಿಯವನು ಚಹಾ ಕುಡಿಯುತ್ತಾ ಆರಾಮಾಗಿ ವಿಡಿಯೋ ನೋಡುತ್ತಿದ್ದಾನೆ!

ಮೂವರೂ ಮುಖ ಮುಖ ನೋಡಿಕೊಂಡರು. ಆಮೇಲೆ ಮೂವರೂ ನನ್ನ ಮುಖ ನೋಡಿದರು. ನಾನು ಕಪ್ಪು ಕನ್ನಡಕದೊಳಗೆ ನಿರಪರಾಧಿ. ಅಪರಾಧಿ ಪುಟ್ಟಿ. ರಾತ್ರಿ ಅವನು ಬಂದಾಗ ಬಾಗಿಲು ತೆಗೆದವಳು ಅವಳೇ. "ಪುಟ್ಟಿ, ನೆಟ್ ಬರವಲ್ದಲ್ಲ" ಎಂದನಂತೆ. ಇವಳು ತನ್ನ ಫೋನಿನಲ್ಲಿ ವೈಫೈ ಜಾಗ ಒತ್ತಿ ಚೌಕುಳಿ ಚೌಕುಳಿ ಚಿತ್ರ ತೋರಿಸಿದಳು. ಅವನು ಕ್ಯಾಮೆರಾ ಹಿಡಿದ. ಆಯಿತು. ಪಾಸ್‌ವರ್ಡ್ ಏನೆಂದು ಇವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

"ಯಾಕೆ ಕೊಟ್ಟೆ?" ಎಂದು ಮೊಮ್ಮಗ ಗದರಿದ.

"ಅಣ್ಣ ಕೇಳಿದ, ಕೊಟ್ಟೆ. ಕೊಡಬಾರದು ಅಂತ ಯಾರು ಹೇಳಿದ್ರು?"

ಆಗ ನನಗೆ ಬೀಗ ಹಾಕಿದ ಫೋನಿನ ಕಥೆ ನೆನಪಾಯಿತು. ಈ ಕಾಲದ ಮಕ್ಕಳಿಗೆ ಸ್ವಲ್ಪ ವಿವರಿಸಬೇಕು.

ಆಗ ಫೋನುಗಳಿಗೆ ತಿರುಗಿಸುವ ಡಯಲು. ಹತ್ತು ತೂತುಗಳ ಚಕ್ರ. ಬೇಕಾದ ಅಂಕಿಯ ತೂತಿಗೆ ಬೆರಳು ಹಾಕಿ ಕೊನೆಯವರೆಗೆ ತಿರುಗಿಸಿ ಬಿಟ್ಟರೆ ಚಕ್ರ ಕಟಕಟ ಎನ್ನುತ್ತಾ ಹಿಂದಕ್ಕೆ ಬರುತ್ತದೆ. ಹಾಗೆ ಬರುವಾಗ ತಂತಿಯ ಸಂಪರ್ಕ ಅಷ್ಟು ಸಲ ಕಡಿದು ಕೂಡುತ್ತದೆ. ಐದು ತಿರುಗಿಸಿದರೆ ಐದು ಸಲ. ಸೊನ್ನೆಗೆ ಹತ್ತು ಸಲ. ಎಕ್ಸ್‌ಚೇಂಜಿನಲ್ಲಿ ನಮ್ಮ ಯಂತ್ರ ಆ ಕಡಿತಗಳನ್ನು ಎಣಿಸಿ ಯಾರಿಗೆ ಕರೆ ಎಂದು ತಿಳಿಯುತ್ತಿತ್ತು. ಬೇರೆಯವರು ಫೋನು ಮಾಡಿ ಬಿಲ್ಲು ಏರಿಸಬಾರದೆಂದು ಜನ ಆ ಚಕ್ರದ ತೂತಿಗೆ ಒಂದು ಪುಟಾಣಿ ಬೀಗ ಜಡಿಯುತ್ತಿದ್ದರು. ಬೀಗ ಇದ್ದರೆ ಚಕ್ರ ತಿರುಗದು. ಬಂದ ಕರೆ ತೆಗೆದುಕೊಳ್ಳಬಹುದು, ಮಾಡಲಾಗದು. ಈ ಪುಟ ಓದುವ ಅಜ್ಜಂದಿರಲ್ಲಿ ಕೆಲವರ ಮನೆಯ ಡ್ರಾಯರಿನಲ್ಲಿ ಆ ಬೀಗದ ಕೈ ಈಗಲೂ ಇರಬಹುದು. ಯಾವುದರ ಕೀಲಿ ಎಂದು ಯಾರಿಗೂ ನೆನಪಿರುವುದಿಲ್ಲ, ಎಸೆಯಲು ಮನಸ್ಸೂ ಬರುವುದಿಲ್ಲ.

ನಮ್ಮ ಸಾಗರದಲ್ಲಿ ಒಬ್ಬ ಅಡಿಕೆ ಮಂಡಿಯ ಸಾಹುಕಾರರು ಹೀಗೆ ಬೀಗ ಹಾಕಿ ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು. ಆದರೂ ಬಿಲ್ಲು ಏರಿತು. ಎಕ್ಸ್‌ಚೇಂಜಿಗೆ ಬಂದು ನಮ್ಮ ಮೇಲೆ ಹರಿಹಾಯ್ದರು. ಪರೀಕ್ಷೆ ಮಾಡಲು ಹೋದವನು ನಾನು. ಫೋನು ಸರಿಯಾಗಿತ್ತು, ತಂತಿ ಸರಿಯಾಗಿತ್ತು. ಅಷ್ಟರಲ್ಲಿ ನನ್ನ ಕಣ್ಣು ರಿಸೀವರ್ ಇಡುವ ಗುಂಡಿಯ ಮೇಲೆ ಬಿತ್ತು. ಗುಂಡಿಯ ಸುತ್ತ ಬಣ್ಣ ಸವೆದಿತ್ತು.

ಏನು ಗೊತ್ತೇ? ಆ ಗುಂಡಿ ಒತ್ತಿದರೂ ಸಂಪರ್ಕ ಕಡಿಯುತ್ತದೆ, ಬಿಟ್ಟರೆ ಕೂಡುತ್ತದೆ. ಡಯಲು ಮಾಡುವ ಕೆಲಸವೂ ಅದೇ! ಬೆರಳಿನಲ್ಲಿ ಲಯ ಇದ್ದವರು ಗುಂಡಿಯನ್ನು ಟಕಟಕ ಕುಟ್ಟಿಯೇ ನಂಬರು ಹಾಕಬಹುದು. ಶಿವಮೊಗ್ಗದ ಕೋಡ್ 08182. ಅಂದರೆ ಹತ್ತು, ಎಂಟು, ಒಂದು, ಎಂಟು, ಎರಡು. ಒಟ್ಟು ಎಷ್ಟು ಸಲ ಕುಟ್ಟಬೇಕು, ಕೂಡಿ ನೋಡಿ. ಇಪ್ಪತ್ತೊಂಬತ್ತು. ಆಮೇಲೆ ಆ ಊರಿನ ನಂಬರು ಬೇರೆ. ಒಂದು ಕುಟ್ಟು ಹೆಚ್ಚುಕಡಿಮೆಯಾದರೆ ಯಾರದೋ ಮನೆಗೆ ಹೋಗುತ್ತದೆ. ಆ ಮಂಡಿಯಲ್ಲಿ ಯಾರೋ ಒಬ್ಬರು ತಪ್ಪಿಲ್ಲದೆ ಕುಟ್ಟುತ್ತಿದ್ದರು.

ಹುಡುಗರು ಬಾಯಿ ಬಿಟ್ಟು ಕೇಳಿದರು. ನನಗೆ ಹುಮ್ಮಸ್ಸು ಬಂತು. ಕಥೆಯ ಇನ್ನರ್ಧ ಹೇಳದೆ ನಾನೇ ಹೊಸ ಸಲಹೆ ಕೊಟ್ಟೆ. "ಪಾಸ್‌ವರ್ಡ್ ಕೈಯಿಂದ ಕೈಗೆ ಹೋಗುತ್ತದೆ. ಅವನ ಫೋನನ್ನೇ ತಡೆಯಿರಿ. ಪ್ರತಿ ಯಂತ್ರಕ್ಕೂ ಒಂದು ವಿಳಾಸ ಇರುತ್ತದಲ್ಲ?"

ಇರುತ್ತದೆ. ಅದಕ್ಕೆ ಮ್ಯಾಕ್ ವಿಳಾಸ ಎನ್ನುತ್ತಾರೆ. ಹನ್ನೆರಡು ಅಕ್ಷರ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು, ಜೊತೆಗೆ ಇಂಗ್ಲಿಷಿನ ಎ ಇಂದ ಎಫ್‌ವರೆಗೆ ಆರು ಅಕ್ಷರಗಳು, ಇವುಗಳನ್ನು ಕಲಸಿ ಮಾಡಿದ್ದು. ರೌಟರಿನ ಒಳಮನೆಯಲ್ಲಿ ಯಾರು ಯಾರು ಬಂದಿದ್ದಾರೆ ಎಂಬ ಪಟ್ಟಿ ಇರುತ್ತದೆ. ಬೇಡದ ವಿಳಾಸವನ್ನು ತಡೆಪಟ್ಟಿಗೆ ಸೇರಿಸಿದರೆ ಸಾಕು, ಪಾಸ್‌ವರ್ಡ್ ಗೊತ್ತಿದ್ದರೂ ಒಳಗೆ ಬಿಡದು. ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಬೇಡ ಎಂದೂ ಹೇಳಬಹುದು. ಈ ಭಾಗವನ್ನು ಓದಿ ಹೇಳುವವರು ಮಕ್ಕಳ ಮುಖ ನೋಡಿ. ರಾತ್ರಿ ಒಂಬತ್ತಕ್ಕೆ ಸರಿಯಾಗಿ "ನೆಟ್ಟು ಹೋಯ್ತು" ಆಗುವ ಮನೆಗಳ ಗುಟ್ಟು ಇಲ್ಲಿದೆ.

ಪಟ್ಟಿ ತೆರೆದರೆ ಒಂಬತ್ತು ಯಂತ್ರಗಳು. ನಾಲ್ಕಕ್ಕೆ ಹೆಸರೇ ಇಲ್ಲ, ಬರೀ ಹನ್ನೆರಡು ಅಕ್ಷರ. ಇದೇ ಅವನದ್ದು ಎಂದು ಒಂದನ್ನು ತಡೆದರು. ಸಂಜೆ ಅಜ್ಜಿಗೆ ವಿಡಿಯೋ ಕರೆ ಮಾಡಲು ಕೂತರೆ ನನ್ನ ಫೋನು ಸತ್ತಂತೆ ಬಿದ್ದಿತ್ತು! ಅವನದ್ದೂ ನನ್ನದೂ ಒಂದೇ ಕಂಪನಿಯ ಫೋನು. ಅಜ್ಜಿ ಅರ್ಧ ಗಂಟೆ ಕಾದು ಮಾಮೂಲಿ ಕರೆ ಮಾಡಿ, "ಕಣ್ಣಿನ ಜೊತೆ ಫೋನಿಗೂ ಪೊರೆ ಬಂತಾ?" ಎಂದು ಕೇಳಿದಳು. ನನ್ನನ್ನು ಬಿಡುಗಡೆ ಮಾಡಿ ಈ ಸಲ ಸರಿಯಾದುದನ್ನೇ ಹಿಡಿದರು. ಲ್ಯಾಪ್‌ಟಾಪಿಗೂ ತಡೆ ಬಿತ್ತು.

ಮಾರನೆಯ ದಿನ ಫೋನಿಗೆ ನೆಟ್ಟು ಮತ್ತೆ ಬಂದಿತ್ತು. ಈಗಿನ ಫೋನುಗಳು ಅಪರಿಚಿತರು ಗುರುತು ಹಿಡಿಯಬಾರದೆಂದು ವೈಫೈಗೆ ತಮ್ಮ ನಿಜ ವಿಳಾಸದ ಬದಲು ಒಂದು ತೋರಿಕೆಯ ವಿಳಾಸ ಕೊಡುತ್ತವೆ. 2019ರ ಆಂಡ್ರಾಯ್ಡ್ 10ರಿಂದ, 2020ರ ಐಒಎಸ್ 14ರಿಂದ ಇದು ತಾನಾಗಿಯೇ ನಡೆಯುತ್ತದೆ. ಆ ಗುಂಡಿ ಆರಿಸಿದರೆ ಫೋನು ನಿಜ ವಿಳಾಸ ಹೇಳುತ್ತದೆ. ರೌಟರಿಗೆ ಅದು ಹೊಸಬನ ಹಾಗೆ ಕಾಣುತ್ತದೆ. ಹುಬ್ಬಳ್ಳಿಯವನು ಫೋನು ಕೆಟ್ಟಿದೆ ಎಂದುಕೊಂಡು ಯಾರನ್ನೋ ಕೇಳಿದ್ದ. ಅವರು "ಇದೊಂದು ಆರಿಸಿ ನೋಡು" ಎಂದಿದ್ದರು. ತನ್ನನ್ನು ತಡೆದಿದ್ದಾರೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ನಾವು ಕೋಟೆ ಕಟ್ಟುತ್ತಿದ್ದೆವು, ಅವನು ಫೋನು ರಿಪೇರಿ ಮಾಡಿಕೊಳ್ಳುತ್ತಿದ್ದ.

ಹಾಸನದವನು ಆ ವಿಳಾಸವನ್ನೂ ತಡೆಪಟ್ಟಿಗೆ ಸೇರಿಸಿದ. ಅದು ಬುಧವಾರ ಸಂಜೆ.

ರಾತ್ರಿ ಒಂಬತ್ತರ ಸುಮಾರಿಗೆ ಪುಟ್ಟಿ ಔಷಧಿ ಬಿಟ್ಟು ಮಲಗಿದಳು. ನನಗೆ ಸೆಖೆ. ಸ್ವಲ್ಪ ಗಾಳಿಗೆಂದು ಹೊರಗೆ ಬಂದೆ. ಕೆಳಗಿನ ಮೆಟ್ಟಿಲಿನಿಂದ ಯಾರೋ ಇಂಗ್ಲಿಷಿನಲ್ಲಿ ಮಾತಾಡುವುದು ಕೇಳಿತು. ಇಣುಕಿದೆ. ಮೊದಲ ಮಹಡಿಯ ತಿರುವಿನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಹುಬ್ಬಳ್ಳಿಯವನು ಮೆಟ್ಟಿಲ ಮೇಲೆ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೆಳಗೆ ಲುಂಗಿ. ಮಂಡಿಯ ಮೇಲೆ ಲ್ಯಾಪ್‌ಟಾಪು. ಎಡಗೈಯಲ್ಲಿ ಫೋನನ್ನು ಕಿಟಕಿಯ ಸರಳಿನತ್ತ ಎತ್ತಿ ಹಿಡಿದಿದ್ದ, ಸಿಗ್ನಲ್ಲು ಸಿಗಲೆಂದು. "ಸಾರಿ ಸರ್, ಕ್ಯಾನ್ ಯೂ ರಿಪೀಟ್ ಸರ್" ಎಂದು ಎರಡು ನಿಮಿಷದಲ್ಲಿ ಮೂರು ಸಲ ಹೇಳಿದ. ಕೆಳಗೆ ಯಾರೋ ನೀರಿನ ಮೋಟಾರು ಹಾಕಿದರು. ಅವನು ಕಿವಿಗೆ ಕೈ ಒತ್ತಿಕೊಂಡ.

ಕೆಲಸದ ಸಂದರ್ಶನ.

ಮಕ್ಕಳೇ, ಒಳಗೆ ನನ್ನ ತಲೆಯ ಮೇಲೆಯೇ ಆ ಪೆಟ್ಟಿಗೆ ಮಿಣುಕುತ್ತಿತ್ತು. 100 ಎಂಬಿಪಿಎಸ್‌ನ ಸಂಪರ್ಕ. ಒಂದು ಸಿನಿಮಾ ಸ್ಪಷ್ಟವಾಗಿ ನೋಡಲು ಐದಾರು ಸಾಕು. ಸಂದರ್ಶನಕ್ಕೆ ಅಷ್ಟೂ ಬೇಡ. ಅವನಿಂದ ನೆಟ್ಟು ನಿಧಾನವಾಗುತ್ತದೆ ಎಂದು ಹುಡುಗರು ಹೇಳುತ್ತಿದ್ದುದು ನಿಜವಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ವಿಳಾಸದ ವಿದ್ಯೆ ಹೇಳಿಕೊಟ್ಟವನು ನಾನು. ಈಗ ಓಡಿಹೋಗಿ ಮೊಮ್ಮಗನಿಗೆ ಹೇಳಿ ತಡೆ ತೆಗೆಸೋಣವೆಂದರೆ ಮೂವರೂ ಊಟಕ್ಕೆ ಹೊರಗೆ ಹೋಗಿದ್ದಾರೆ. ರೌಟರಿನ ಒಳಮನೆಯ ಗುಟ್ಟಿನ ಪದ ನನಗೆ ತಿಳಿಯದು. ಮೊಮ್ಮಗನಿಗೆ ಫೋನು ಮಾಡಿದೆ, ಹೋಟೆಲಿನ ಗದ್ದಲದಲ್ಲಿ ಎತ್ತಲಿಲ್ಲ. ಕೆಳಗಿಳಿದು ಮೋಟಾರು ಹಾಕಿದವರ ಬಾಗಿಲು ತಟ್ಟಿ ಹತ್ತು ನಿಮಿಷ ನಿಲ್ಲಿಸಲು ಕೇಳಿಕೊಂಡೆ. ರಾತ್ರಿ ಒಂಬತ್ತಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು ಬಂದ ಮುದುಕನನ್ನು ಕಂಡು ಆ ಹೆಣ್ಣುಮಗಳು ಹೆದರಿಯೇ ನಿಲ್ಲಿಸಿದಳು. ನನ್ನಿಂದ ಆದದ್ದು ಅಷ್ಟೇ.

ಮುಗಿದ ಮೇಲೆ ಹತ್ತಿರ ಹೋಗಿ ಕೂತೆ.

"ಅಜ್ಜಾರ, ನೀವ್ಯಾಕ ಎದ್ದು ಬಂದ್ರಿ? ಕಣ್ಣಿಗೆ ಧೂಳ ಆಗತೈತಿ" ಎಂದ. ಆಮೇಲೆ ತಾನಾಗಿಯೇ, "ಒಳಗ ನೆಟ್ ಬರವಲ್ದು. ಮೂರು ದಿನಾ ಆತು, ನನ್ನ ಫೋನಿಗೆ ಏನಾಗೇತೋ" ಎಂದ.

ನಾನು ಸುಳ್ಳು ಹೇಳಬಹುದಿತ್ತು. ಮೊಮ್ಮಗನ ಮರ್ಯಾದೆ ಉಳಿಯುತ್ತಿತ್ತು. ಆದರೆ ಆ ಬಿಳಿ ಅಂಗಿ ನೋಡಿ ಬಾಯಿ ಬರಲಿಲ್ಲ. ಎಲ್ಲ ಹೇಳಿದೆ. ಪಾಸ್‌ವರ್ಡ್, ವಿಳಾಸ, ನನ್ನ ಸಲಹೆ, ಎಲ್ಲ.

ಅವನು ಬಹಳ ಹೊತ್ತು ಸುಮ್ಮನಿದ್ದ. ನಂತರ ಅಂದ. "ಕೇಳಿದ್ರ ನಾ ಇಲ್ಲ ಅಂತಿದ್ನೇನ್ರಿ?"

"ನೀನೇ ಯಾಕೆ ಕೊಡಲಿಲ್ಲಪ್ಪ?"

"ಮೊದಲನೇ ತಿಂಗಳ ಮರತೆ. ಎರಡನೇ ತಿಂಗಳ ಯಾರಾದ್ರೂ ಕೇಳ್ತಾರ, ಆವಾಗ ಎರಡೂ ಕೂಡೇ ಕೊಟ್ರಾತು ಅಂದ್ಕೊಂಡೆ. ಮೂರನೇ ತಿಂಗಳ ಕೆಲಸ ಹೋತು. ಆಮ್ಯಾಲೆ ಯಾರೂ ಕೇಳದಿರಲೆಪ್ಪಾ ಅಂತ ದೇವರಿಗೆ ಬೇಡ್ಕೊಳ್ಳಾಕತ್ತಿದ್ದೆ."

ಕೆಲಸ ಹೋಗಿ ಮೂರು ತಿಂಗಳಾಗಿತ್ತು. ಉಳಿತಾಯದಲ್ಲಿ ಬಾಡಿಗೆ ಕಟ್ಟುತ್ತಿದ್ದ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬ್ಯಾಗು ಹಾಕಿಕೊಂಡು ಹೊರಡುತ್ತಿದ್ದನಲ್ಲ, ಅದು ಗ್ರಂಥಾಲಯಕ್ಕೆ. ರಾತ್ರಿ ಎರಡರವರೆಗೆ ನೋಡುತ್ತಿದ್ದುದು ಪಾಠದ ವಿಡಿಯೋಗಳನ್ನು. ಮನೆಯಲ್ಲಿ ಅವ್ವನಿಗೂ ಹೇಳಿರಲಿಲ್ಲ. ಹೇಳಿದ್ದು ಮೊದಲ ಸಲ, ಅದೂ ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಪರಿಚಯವಾಗಿ ಒಂದು ವಾರವೂ ಆಗದ ನನಗೆ.

ಮೂವರೂ ಊಟ ಮುಗಿಸಿ ಮೆಟ್ಟಿಲು ಹತ್ತಿ ಬಂದರು. ನಮ್ಮಿಬ್ಬರನ್ನು ನೋಡಿ ನಿಂತರು. ನಾನು "ಒಳಗೆ ನಡೀರಿ" ಎಂದೆ.

ಒಳಗೆ ಜಗಳ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹುಬ್ಬಳ್ಳಿಯವನಿಗೆ ಸಿಟ್ಟು ಬಂದಿತ್ತು. "ಕಳ್ಳನ ಹಂಗ ಹೊರಗ ಹಾಕಿದ್ರಿ" ಎಂದ. ಹಾಸನದವನಿಗೂ ಸಿಟ್ಟು. "ಕೆಲಸ ಹೋಗಿದೆ ಅಂತ ಒಂದು ಮಾತು ಹೇಳಿದ್ರೆ ನಾವೇನು ಮನುಷ್ಯರಲ್ವಾ? ಮೂರು ತಿಂಗಳು ನಮ್ಮ ಮುಂದೆ ನಾಟಕ ಆಡಿದ್ದೀಯಲ್ಲೋ" ಎಂದ. ಎರಡೂ ಸರಿಯಾಗಿಯೇ ಇದ್ದವು. ಮಂಗಳೂರಿನವನು ರೌಟರಿನಲ್ಲಿ ಅತಿಥಿ ವೈಫೈ ಎಂಬುದೊಂದಿದೆ, ಬೇರೆ ಹೆಸರು, ಬೇರೆ ಪಾಸ್‌ವರ್ಡ್, ವೇಗವನ್ನೂ ಮಿತಿಗೊಳಿಸಬಹುದು, ದುಡ್ಡು ಬರುವವರೆಗೆ ಅದರಲ್ಲಿ ಇರಲಿ ಎಂದ. ಕೆಟ್ಟ ಸಲಹೆಯಲ್ಲ. ನಮ್ಮ ಸಾಗರದ ಮನೆಯ ಕಾಂಪೌಂಡಿನ ಮೇಲೆ ಕೂತು ಓದುವ ಪಕ್ಕದ ಮನೆಯ ಪಿಯುಸಿ ಹುಡುಗನಿಗೆ ನಾನು ಅದನ್ನೇ ಮಾಡಿಕೊಟ್ಟಿದ್ದೇನೆ. ಆದರೆ ಅವನು ನೆರೆಯವನು. ಒಂದೇ ಮನೆಯಲ್ಲಿ ಬಾಡಿಗೆ ಕೊಟ್ಟು ಮಲಗುವವನನ್ನು ಅತಿಥಿ ಎನ್ನುವುದು ಹೇಗೆ? ಹುಬ್ಬಳ್ಳಿಯವನ ಮುಖ ನೋಡಿ ಮಂಗಳೂರಿನವನೇ ಆ ಮಾತು ಬಿಟ್ಟ.

ಆಗ ನಾನು ಅಡಿಕೆ ಮಂಡಿಯ ಕಥೆಯ ಇನ್ನರ್ಧ ಹೇಳಿದೆ.

ಗುಂಡಿ ಕುಟ್ಟುತ್ತಿದ್ದವನು ಮಂಡಿಯ ಗುಮಾಸ್ತ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೆಂಡತಿ ಹೆರಿಗೆಗೆ ಸೇರಿದ್ದಳು, ಕಷ್ಟದ ಹೆರಿಗೆ. ಸಾಹುಕಾರರನ್ನು ಕೇಳಲು ಹೆದರಿಕೆ. ಅವರು ಮಧ್ಯಾಹ್ನ ಊಟಕ್ಕೆ ಹೋದಾಗ ಇಪ್ಪತ್ತೊಂಬತ್ತು ಕುಟ್ಟು, ಆಮೇಲೆ ಆಸ್ಪತ್ರೆಯ ನಂಬರು. ನಾನು ಕಂಡುಹಿಡಿದು ಹೇಳಿದಾಗ ಸಾಹುಕಾರರು ಕೆಂಪಾದರು. ಇವನ ಕೆಲಸ ಹೋಯಿತು ಎಂದೇ ತಿಳಿದು ನಾನು ನನ್ನ ಜಾಣತನವನ್ನು ಬೈದುಕೊಂಡೆ. ಅವರು ಜನಿವಾರದಿಂದ ಕೀಲಿಕೈ ಬಿಚ್ಚಿ ಗುಮಾಸ್ತನ ಮುಂದೆ ಮೇಜಿನ ಮೇಲಿಟ್ಟರು. "ಇನ್ನು ಮೇಲೆ ಇದು ನಿನ್ನ ಹತ್ತಿರ ಇರಲಿ. ಯಾರು ಮಾಡಿದರೂ ಪುಸ್ತಕದಲ್ಲಿ ಬರಿ. ನಾನು ಮಾಡಿದರೂ ಬರಿ" ಎಂದರು. ಬೀಗ ಮಾತ್ರ ತೆಗೆಯಲಿಲ್ಲ. ವ್ಯಾಪಾರಿ ಅಲ್ಲವೇ.

ಹುಡುಗರು ಸುಮ್ಮನೆ ಕೂತರು. ಅಷ್ಟರಲ್ಲಿ ಗಲಾಟೆಗೆ ಎದ್ದಿದ್ದ ಪುಟ್ಟಿ ಕಣ್ಣುಜ್ಜುತ್ತಾ ಫ್ರಿಜ್ಜಿನ ಹತ್ತಿರ ನಿಂತು ಕೇಳಿದಳು. "ಈ ಹಾಳೆಯಲ್ಲಿ ರೊಟ್ಟಿಗೆ ಯಾಕೆ ಜಾಗ ಇಲ್ಲ?"

ಭಾನುವಾರ ಅಡುಗೆಯ ಅಮ್ಮನಿಗೆ ರಜೆ. ಅವತ್ತು ಹುಬ್ಬಳ್ಳಿಯವನು ಎಲ್ಲರಿಗೂ ಜೋಳದ ರೊಟ್ಟಿ ಬಡಿಯುತ್ತಾನೆ. ಎಣ್ಣೆಗಾಯಿ ಮಾಡುತ್ತಾನೆ. ಹಿಂದಿನ ಭಾನುವಾರ ನಾನೇ ನಾಲ್ಕು ರೊಟ್ಟಿ ತಿಂದಿದ್ದೆ. ಹಾಸನದವನು ತಲೆ ಕೆರೆದುಕೊಂಡು, "ಅದನ್ನ ಲೆಕ್ಕಕ್ಕೆ ಹಿಡಿದರೆ ನಾವೇ ಇವನಿಗೆ ಬಾಕಿ ಆಗ್ತೀವೇನೋ" ಎಂದ. ಮೊದಲ ಸಲ ಎಲ್ಲರೂ ನಕ್ಕರು. ಆದರೆ ಹುಬ್ಬಳ್ಳಿಯವನು ಒಪ್ಪಲಿಲ್ಲ. "ರೊಟ್ಟಿ ರೊಕ್ಕಕ್ಕ ಮಾಡಿಲ್ಲ. ಐದು ತಿಂಗಳದ 1180 ನಾನು ಕೊಡಾವ. ಕೆಲಸ ಸಿಗೂತನಕ ಟೈಮ್ ಕೊಡ್ರಿ" ಎಂದ. ಅಲ್ಲಿಯವರೆಗಿನ ಬಿಲ್ಲು ಮೂವರೇ ಹಂಚಿಕೊಳ್ಳುವುದೆಂದು ಆಯಿತು. ಇನ್ನು ಮೇಲೆ ಯಾರಿಗೆ ಕಷ್ಟ ಬಂದರೂ ಹಾಳೆಯಲ್ಲಿ ಆ ಜಾಗದಲ್ಲಿ ಒಂದು ಚುಕ್ಕಿ ಇಡಬೇಕು, ಚುಕ್ಕಿ ಕಂಡರೆ ಉಳಿದವರು ಅವತ್ತೇ ಕೇಳಬೇಕು ಎಂದು ಮೊಮ್ಮಗ ಹೇಳಿದ. ತಡೆಪಟ್ಟಿ ಖಾಲಿ ಮಾಡಿದರು. ಹೊಸ ಪಾಸ್‌ವರ್ಡನ್ನು ಹುಬ್ಬಳ್ಳಿಯವನೇ ಆರಿಸಿದ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಉತ್ತರ ಕರ್ನಾಟಕದ ಒಂದು ತಿಂಡಿಯ ಹೆಸರು ಎಂದಷ್ಟೇ ಹೇಳುತ್ತೇನೆ, ಮಂಗಳೂರಿನವನು ಅದನ್ನು ಈಗಲೂ ತಪ್ಪಾಗಿ ಒತ್ತುತ್ತಾನೆ.

ಆ ಸಂದರ್ಶನದಲ್ಲಿ ಅವನು ಆಯ್ಕೆಯಾಗಲಿಲ್ಲ. ನೆಟ್ಟು ಸರಿಯಿದ್ದರೆ ಆಗುತ್ತಿದ್ದನೇ, ಯಾರು ಹೇಳಬೇಕು? ಅವನಂತೂ "ಇಲ್ಲ ಬಿಡ್ರಿ, ಎರಡು ಪ್ರಶ್ನೆಗೆ ಉತ್ತರನ ಗೊತ್ತಿರಲಿಲ್ಲ" ಎಂದ. ನಮಗೆ ಸಮಾಧಾನವಾಗಲೆಂದು ಹೇಳಿದನೋ, ನಿಜವೋ. ಊರಿಗೆ ಮರಳಿದ ಮೇಲೂ ಎಷ್ಟೋ ರಾತ್ರಿ ಆ ಎತ್ತಿ ಹಿಡಿದ ಕೈ ನನ್ನ ಕಣ್ಣಮುಂದೆ ಬರುತ್ತಿತ್ತು. ಪೊರೆ ತೆಗೆದ ಕಣ್ಣಲ್ಲವೇ, ಸ್ಪಷ್ಟವಾಗಿಯೇ ಕಾಣುತ್ತಿತ್ತು.

ಡಿಸೆಂಬರಿನಲ್ಲಿ ಅವನಿಗೆ ಬೇರೆ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಕಡಿಮೆ. ಸಂಕ್ರಾಂತಿಗೆ ಮೊಮ್ಮಗ ಊರಿಗೆ ಬಂದಾಗ ಆ ಹಾಳೆಯ ಫೋಟೋ ತಂದಿದ್ದ. ಲೆಕ್ಕ ಹೇಗೆ ಮುಗಿಸುವುದೆಂದು ಪುಟ್ಟಿಯನ್ನು ಕೇಳಿದರು. ನೀವೂ ಪೆನ್ಸಿಲು ತೆಗೆದುಕೊಳ್ಳಿ.

ಜನವರಿಯ ಪೂರ್ತಿ 944 ರೂಪಾಯಿ ಅವನೇ ಕಟ್ಟಿದ. ಅದರಲ್ಲಿ ಅವನ ಪಾಲು 236. ಉಳಿದ 708 ಹಳೆಯ ಬಾಕಿಗೆ. 1180ರಲ್ಲಿ 708 ಕಳೆದರೆ 472. ಫೆಬ್ರುವರಿಯಲ್ಲಿ ತನ್ನ ಪಾಲಿನ 236, ಬಾಕಿಯ 472, ಸೇರಿಸಿ 708 ಕೊಡಬೇಕು. ಬಿಲ್ಲು 944, ಇನ್ನು 236 ಮಿಕ್ಕಿತು. ಅದನ್ನು ಉಳಿದ ಮೂವರು ಸಮನಾಗಿ ಹಂಚಿಕೊಳ್ಳಬೇಕು. ಭಾಗಿಸಿ ನೋಡಿ. ಪುಟ್ಟಿ ಭಾಗಿಸಿದಳು. ಒಬ್ಬೊಬ್ಬರಿಗೆ 78 ರೂಪಾಯಿ 66 ಪೈಸೆ. ಮೂರು ಸಲ 78.66 ಅಂದರೆ 235.98.

"ಎರಡು ಪೈಸೆ ಉಳೀತು. ಇದನ್ನ ಯಾರು ಕೊಡಬೇಕು?"

"ವಿಳಾಸ ತಡೆಯೋ ಐಡಿಯಾ ಕೊಟ್ಟವರು" ಎಂದ ಮೊಮ್ಮಗ.

ಅಟ್ಟದ ಮೇಲಿನ ಟ್ರಂಕು ಇಳಿಸಿ ಹುಡುಕಿದೆ. ಹಳೆಯ ಬಿಲ್ಲುಗಳ ಕೆಳಗೆ, ಹೂವಿನ ಎಸಳಿನಂಥ ಅಂಚಿನ ಒಂದು ಎರಡು ಪೈಸೆಯ ನಾಣ್ಯ ಸಿಕ್ಕಿತು. 2011ರ ಜೂನ್ ಕೊನೆಗೆ 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ ನಿಂತುಹೋಯಿತು, ಹಾಗಾಗಿ ಈಗ ಅದಕ್ಕೆ ಬೆಲೆಯಿಲ್ಲ. ಮೊಮ್ಮಗ ಅದನ್ನು ಜೇಬಿಗೆ ಹಾಕಿಕೊಂಡು ಹೋದ. ಮೊನ್ನೆ ಹುಬ್ಬಳ್ಳಿಯವನು ಫೋನು ಮಾಡಿ, ಹೆಸರು ಬೇಡ ಎಂದು ಹೇಳಿದನಲ್ಲ, ಆಗಲೇ ಇದನ್ನೂ ಹೇಳಿದ. ನಾಣ್ಯವನ್ನು ಫ್ರಿಜ್ಜಿನ ಹಾಳೆಯ ಮೇಲೆ ಅಯಸ್ಕಾಂತದ ಗುಂಡಿಯಿಂದ ನಿಲ್ಲಿಸಲು ನೋಡಿದರಂತೆ. ಅಲ್ಯುಮಿನಿಯಂ ಅಲ್ಲವೇ, ಹಿಡಿಯಲಿಲ್ಲ. ಟೇಪು ಅಂಟಿಸಿದ್ದಾರೆ.